ಹೆಸರು ಮರೆಯುವ ತನಕ ಕಾಯಬೇಡಿ: ರಾಯಚೂರು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ರಾಯಚೂರು ಜಿಲ್ಲೆ.

ಪ್ರತಿ: ತಾಲ್ಲೂಕು ಆರೋಗ್ಯಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಹಾಗೂ ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ.

ವಿಷಯ: ಅಲ್ಝೈಮರ್ ಕಾಯಿಲೆಯ ಮೊದಲ ಲಕ್ಷಣಗಳನ್ನು ಮನೆ ಭೇಟಿಯಲ್ಲೇ ಗುರುತಿಸುವ ಕುರಿತು.

ಮಾನ್ಯರೆ,

ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ತುಂಬುವ ಸಿಬ್ಯಾಕ್ ಎಂಬ ಆರೋಗ್ಯ ತಪಾಸಣಾ ಫಾರಂನಲ್ಲಿ 60 ದಾಟಿದವರಿಗೆಂದೇ ನಾಲ್ಕು ಪ್ರಶ್ನೆಗಳಿವೆ. ನಿಂತಾಗ, ನಡೆವಾಗ ಜೋಲಿ ತಪ್ಪುತ್ತದೆಯೇ, ಓಡಾಟಕ್ಕೆ ಅಡ್ಡಿಯಾಗುವ ಅಂಗವೈಕಲ್ಯ ಇದೆಯೇ, ಊಟ-ಸ್ನಾನ-ಬಟ್ಟೆಗೆ ಇನ್ನೊಬ್ಬರ ಆಸರೆ ಬೇಕೇ ಎಂಬ ಮೂರು ಮುಗಿದ ಮೇಲೆ ನಾಲ್ಕನೆಯದು ಬರುತ್ತದೆ: ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತೀರಾ? ಹಿರಿಯರ ಮರೆವಿನ ಬಗ್ಗೆ ಆ ಫಾರಂ ಕೇಳುವುದು ಇಷ್ಟೇ.

ಈ ಪ್ರಶ್ನೆಯಲ್ಲಿ ಎರಡು ದೋಷಗಳಿವೆ. ಮಗನ ಹೆಸರು, ಮನೆಯ ವಿಳಾಸ ಮರೆಯುವುದು ಅಲ್ಝೈಮರ್ ಮಧ್ಯದ ಹಂತ ತಲುಪಿದ ಮೇಲೆ. ಅಷ್ಟು ಹೊತ್ತಿಗೆ ಕಾಯಿಲೆ ಹಿಡಿದು ವರ್ಷಗಳೇ ಕಳೆದಿರುತ್ತವೆ. ಎರಡನೆಯ ದೋಷ ಇನ್ನೂ ದೊಡ್ಡದು. ಪ್ರಶ್ನೆಯನ್ನು ಕೇಳುವುದು ಮರೆಯುತ್ತಿರುವವರನ್ನೇ. ತಾನು ಮರೆಯುತ್ತಿದ್ದೇನೆ ಎಂಬ ಅರಿವನ್ನೂ ಈ ಕಾಯಿಲೆ ಆದಿಯಲ್ಲೇ ಮಂಕು ಮಾಡುತ್ತದೆ. ‘ನನಗೇನಾಗೇದವ್ವ, ಗಟ್ಟಿ ಅದೀನಿ’ ಅಂತ ಉತ್ತರ ಬರುತ್ತದೆ, ‘ಇಲ್ಲ’ ಎಂಬಲ್ಲಿ ಗುರುತು ಬೀಳುತ್ತದೆ, ಫಾರಂ ಮುಂದಿನ ಮನೆಗೆ ಹೋಗುತ್ತದೆ.

ಫಾರಂ ದೇಶಕ್ಕೆಲ್ಲ ಒಂದೇ, ಅದನ್ನು ತಿದ್ದುವುದು ನಿಮ್ಮ ಕೈಯಲ್ಲಿಲ್ಲ ಎಂಬುದು ಗೊತ್ತು. ಅದರ ಜೊತೆಗೆ ಅರ್ಧ ಪುಟದ ಹಾಳೆಯೊಂದನ್ನು ಸೇರಿಸುವುದು ನಿಮ್ಮ ಕೈಯಲ್ಲಿದೆ. ಆ ಹಾಳೆಯ ಪ್ರಶ್ನೆಗಳನ್ನು ಹಿರಿಯರಿಗೆ ಕೇಳದೆ ಜೊತೆಗೆ ಬದುಕುತ್ತಿರುವವರಿಗೆ ಕೇಳಬೇಕು. ನಮ್ಮ ಮುಖ್ಯ ಬೇಡಿಕೆ ಅದು. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಬರುವಂಥದ್ದು.

ಎಷ್ಟು ಮಂದಿಯ ಪ್ರಶ್ನೆ ಇದು? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆ ಇದೆ. ಒಟ್ಟು ಸುಮಾರು 88 ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಡಿಮೆನ್ಷಿಯಾ ಪ್ರಕರಣಗಳಲ್ಲಿ ನೂರಕ್ಕೆ 60ರಿಂದ 70 ಅಲ್ಝೈಮರ್‌ನವು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 60 ದಾಟಿದವರು 2,500 ಮಂದಿ ಇದ್ದರೆ, ಈ ಲೆಕ್ಕದಲ್ಲಿ 185 ಮಂದಿಗೆ ಡಿಮೆನ್ಷಿಯಾ ಇರಬೇಕು. ಯಾವುದಾದರೂ ಒಂದು ಕೇಂದ್ರದ ರಿಜಿಸ್ಟರ್ ತರಿಸಿ ನೋಡಿ. ಬಿಪಿ, ಶುಗರ್ ಪುಟಗಳು ತುಂಬಿರುತ್ತವೆ. ಈ 185ರಲ್ಲಿ ಎಷ್ಟು ಹೆಸರು ಅಲ್ಲಿವೆ ಎಂಬುದನ್ನು ನೀವೇ ಎಣಿಸಿ.

ಮೊದಲ ಲಕ್ಷಣ ಹೇಗಿರುತ್ತದೆ ಎಂಬುದಕ್ಕೆ ಬರೋಣ. ಈ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ನರಕೋಶಗಳ ಹೊರಗೆ ಗಂಟುಗಟ್ಟುತ್ತದೆ, ಟೌ ಎಂಬ ಇನ್ನೊಂದು ಒಳಗೆ ಸಿಕ್ಕುಗಟ್ಟುತ್ತದೆ. ಇದು ಶುರುವಾಗಿ 15-20 ವರ್ಷ ಆದ ಮೇಲೆ ಮರೆವು ಕಣ್ಣಿಗೆ ಬೀಳುತ್ತದೆ. ಮೊದಲು ಪೆಟ್ಟು ತಿನ್ನುವುದು ಹಿಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕ, ಅಂದರೆ ಹೊಸ ಸಂಗತಿಯನ್ನು ದಾಖಲಿಸುವ ಜಾಗ. ಗಂಜಿನ ಅಡತಿ ಅಂಗಡಿಯಲ್ಲಿ ಹಳೆಯ ಖಾತೆ ಪುಸ್ತಕಗಳೆಲ್ಲ ಕಪಾಟಿನಲ್ಲಿ ಭದ್ರವಾಗಿದ್ದು, ಇವತ್ತಿನ ವ್ಯವಹಾರ ಬರೆದುಕೊಳ್ಳುವ ಗುಮಾಸ್ತ ಮಾತ್ರ ಬಾರದೇ ಹೋದಂತೆ. ನಲವತ್ತು ವರ್ಷದ ಹಿಂದಿನ ಮದುವೆಗೆ ಯಾರ್‍ಯಾರು ಬಂದಿದ್ದರು, ತುಂಗಭದ್ರಾ ಕಾಲುವೆಗೆ ಮೊದಲ ಸಲ ನೀರು ಬಂದಾಗ ಯಾವ ಹೊಲ ಯಾರ ಕೈಲಿತ್ತು ಎಂಬುದೆಲ್ಲ ಬಾಯಿಪಾಠ. ಬೆಳಿಗ್ಗೆ ಬೀಗರು ಬಂದು ಹೋದದ್ದು ಗೊತ್ತಿಲ್ಲ. ‘ಹಳೇದೆಲ್ಲ ಎಷ್ಟು ಚಂದ ಹೇಳ್ತಾರ, ಇವರಿಗೆ ಎಲ್ಲಿ ಮರೆವು?’ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುವುದು ಇಲ್ಲಿಯೇ. ಹಳೆಯದು ನೆನಪಿರುವುದು ಆರೋಗ್ಯದ ಗುರುತಲ್ಲ.

ವಯಸ್ಸಿನ ಮರೆವಿಗೂ ಕಾಯಿಲೆಯ ಮರೆವಿಗೂ ಇರುವ ವ್ಯತ್ಯಾಸ ಸುಳಿವು ಕೊಟ್ಟಾಗ ತಿಳಿಯುತ್ತದೆ. ‘ನಿನ್ನೆ ಯಾರು ಬಂದಿದ್ದರು?’ ಎಂದರೆ ಎಪ್ಪತ್ತರ ಅಜ್ಜ ತಡವರಿಸಬಹುದು. ‘ಮಾನ್ವಿಯಿಂದ ಬಂದಿದ್ದರಲ್ಲ, ಬಾಳೆಹಣ್ಣು ತಂದಿದ್ದರಲ್ಲ’ ಎಂದ ಕೂಡಲೇ ‘ಹಾಂ, ಹೌದಲ್ಲ!’ ಎಂದರೆ ಅದು ಬಹುತೇಕ ವಯಸ್ಸಿನದು. ದಾಖಲಾಗಿದೆ, ಹುಡುಕಲು ಹೊತ್ತು ಹಿಡಿಯಿತು ಅಷ್ಟೇ. ಇಷ್ಟೆಲ್ಲ ಹೇಳಿದರೂ ‘ಯಾರೂ ಬಂದಿಲ್ಲ’ ಎಂದು ವಾದಕ್ಕೆ ನಿಂತರೆ, ದಾಖಲೇ ಆಗಿಲ್ಲ ಎಂದರ್ಥ. ಅದೇ ಪ್ರಶ್ನೆ ತಾಸಿನೊಳಗೆ ನಾಲ್ಕು ಸಲ ಕೇಳುವುದೂ ಇದೇ ಕಾರಣಕ್ಕೆ. ಅವರು ಕೇಳಿದ್ದೂ ಉಳಿಯಲಿಲ್ಲ, ನೀವು ಉತ್ತರ ಕೊಟ್ಟದ್ದೂ ಉಳಿಯಲಿಲ್ಲ.

ಅಡುಗೆಮನೆಯಲ್ಲಿ ಮೊದಲು ಕೆಡುವುದು ಏನು ಎಂಬುದರಲ್ಲಿ ಅನೇಕರು ಮೋಸ ಹೋಗುತ್ತಾರೆ. ರೊಟ್ಟಿ ಬಡಿಯುವುದು ಕೆಡುವುದಿಲ್ಲ. ಕೈಗೆ ಅಂಟಿದ ಕಸುಬನ್ನು ಮಿದುಳು ಬೇರೆ ಕಡೆ ಇಟ್ಟುಕೊಂಡಿರುತ್ತದೆ, ಅದು ಬಹಳ ಕಾಲ ಉಳಿಯುತ್ತದೆ. ಕೆಡುವುದು ಅದರ ಸುತ್ತಲಿನ ಲೆಕ್ಕ ಮತ್ತು ಸರಣಿ: ಎಸರಿಗೆ ನೀರೆಷ್ಟು, ಹಿಟ್ಟೆಷ್ಟು, ಪಲ್ಯಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ, ಒಲೆ ಆರಿಸಿದ್ದೇನೋ ಇಲ್ಲವೋ. ನಾಲ್ಕು ಜನರ ದಿನದ ಅಡುಗೆ ಹೇಗೋ ನಡೆದುಹೋಗುತ್ತದೆ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಸೇರಿಸಿ ಇಪ್ಪತ್ತು ಮಂದಿಗೆ ಬುತ್ತಿ ಕಟ್ಟುವ ದಿನ ಗೊತ್ತಾಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ತಪ್ಪಿ, ವರ್ಷ ವರ್ಷವೂ ಮುಂದೆ ನಿಂತು ಮಾಡಿಸುತ್ತಿದ್ದಾಕೆ ಮೂಲೆಯಲ್ಲಿ ಸುಮ್ಮನೆ ಕೂರುತ್ತಾಳೆ. ಮನೆಯವರು ‘ಸುಸ್ತಾಗಿರಬೇಕು’ ಅನ್ನುತ್ತಾರೆ.

ಹೊಲ ಮಾಡುವವರಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ. ಹತ್ತಿ ಹೊಲಕ್ಕೆ ಹಾಕಿದ ಗೊಬ್ಬರವನ್ನೇ ವಾರದೊಳಗೆ ಮತ್ತೆ ಹಾಕುವುದು, ಮೋಟಾರ್ ಸ್ಟಾರ್ಟರ್ ಮುಂದೆ ನಿಂತು ಯಾವ ಗುಂಡಿ ಒತ್ತಬೇಕೆಂದು ಯೋಚಿಸುವುದು, ಅಡತಿಯಲ್ಲಿ ಎಷ್ಟು ಚೀಲ ಬಿಟ್ಟೆ, ಎಷ್ಟು ಮುಂಗಡ ತಂದೆ ಎಂಬ ಲೆಕ್ಕ ಕೈತಪ್ಪುವುದು. ಶಾಲೆಯ ಮೆಟ್ಟಿಲು ಹತ್ತದಿದ್ದರೂ ನೂರು ಚೀಲದ ಲೆಕ್ಕ ಬಾಯಲ್ಲಿ ಹಾಕುತ್ತಿದ್ದ ಮನುಷ್ಯ ಐನೂರರ ನೋಟು ಕೊಟ್ಟು ಚಿಲ್ಲರೆ ಎಣಿಸದೆ ಜೇಬಿಗೆ ಹಾಕಿಕೊಂಡರೆ ಮನೆಯವರು ಗಮನಿಸಬೇಕು. ಹಣದ ವ್ಯವಹಾರ ಬಹಳ ಮುಂಚೆಯೇ ಕೆಡುತ್ತದೆ. ಅದಕ್ಕೇ ಮೋಸ ಮಾಡುವವರಿಗೆ ಮನೆಯವರಿಗಿಂತ ಮೊದಲು ಈ ಕಾಯಿಲೆ ಗೊತ್ತಾಗಿರುತ್ತದೆ.

ದಾರಿ ತಪ್ಪುವುದು ಸ್ವಂತ ಓಣಿಯಲ್ಲಿ ಶುರುವಾಗುವುದಿಲ್ಲ. ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ಹೋದಾಗ, ಮಗಳ ಹೊಸ ಮನೆಯಲ್ಲಿ ರಾತ್ರಿ ಎದ್ದಾಗ ಮೊದಲು ಕಾಣುತ್ತದೆ. ಊರಿಗೆ ಮರಳಿದ ಮೇಲೆ ಸರಿಹೋದಂತೆ ಕಂಡು ಎಲ್ಲರೂ ಮರೆಯುತ್ತಾರೆ.

ಇನ್ನು ಮನೆ ಒಡೆಯುವ ಲಕ್ಷಣವೊಂದಿದೆ. ಬೋರಮಾಳವನ್ನೋ ರೊಕ್ಕದ ಚೀಲವನ್ನೋ ಜೋಳದ ಡಬ್ಬಿಯಲ್ಲಿ, ಹಾಸಿಗೆಯ ಮಡಿಕೆಯಲ್ಲಿ ಅವರೇ ಇಟ್ಟು, ಇಟ್ಟದ್ದನ್ನು ಮರೆತು, ‘ಸೊಸಿ ಕದ್ದಾಳ’ ಅನ್ನುವುದು. ಇದು ಕೆಟ್ಟತನವಲ್ಲ. ನೆನಪಿನಲ್ಲಿ ಬಿದ್ದ ತೂತಿಗೆ ಮನಸ್ಸು ತಾನೇ ಒಂದು ಕಾರಣ ಹೊಲಿದು ಹಾಕುತ್ತದೆ. ಎಷ್ಟೋ ಮನೆಗಳಲ್ಲಿ ಪಂಚಾಯಿತಿಯಾಗಿ, ಅತ್ತೆ-ಸೊಸೆ ಬೇರೆ ಒಲೆ ಹೂಡಿ, ಎರಡು ವರ್ಷದ ಮೇಲೆ ಕಾಯಿಲೆ ಹೆಸರು ಕೇಳಿಬರುತ್ತದೆ. ಅಂಥ ಜಗಳ 65 ದಾಟಿದವರಲ್ಲಿ ಹೊಸದಾಗಿ ಶುರುವಾಗಿದ್ದರೆ ಆಶಾ ಅದನ್ನು ಮನೆಯ ವಿಷಯ ಎಂದು ಬಿಡಬಾರದು.

ಲಕ್ಷಣ ಇದ್ದೂ ಕಾಣದೇ ಹೋಗುವುದಕ್ಕೆ ನಮ್ಮ ಕಡೆಯ ಕಾರಣಗಳೂ ಇವೆ. ಸೊಸೆ ಬಂದ ಮೇಲೆ ಅತ್ತೆಯ ಕೆಲಸವೆಲ್ಲ ಸೊಸೆಯ ಕೈಗೆ ಹೋಗುತ್ತದೆ, ಆದ್ದರಿಂದ ಅತ್ತೆಗೆ ಕೆಲಸ ಬರುತ್ತದೋ ಇಲ್ಲವೋ ಯಾರೂ ನೋಡುವುದಿಲ್ಲ. ಮಾವನಿಗೆ ತಾಟು ತಂದಿಡುವವರು, ಬಟ್ಟೆ ತೆಗೆದಿಡುವವರು ಇರುತ್ತಾರೆ. ಹೆಂಡತಿ ತೀರಿಕೊಂಡ ತಿಂಗಳಲ್ಲೇ ‘ದುಃಖಕ್ಕೆ ತಲೆ ಕೆಟ್ಟಿತು’ ಎನ್ನುವ ಪ್ರಕರಣಗಳಲ್ಲಿ ಹಲವು, ಹೆಂಡತಿ ವರ್ಷಗಟ್ಟಲೆ ಮುಚ್ಚಿಕೊಂಡು ಬಂದ ಕಾಯಿಲೆ ಹೊರಬಿದ್ದವು. ಮೂರನೆಯದು ಗುಳೆ. ಮಗ-ಸೊಸೆ ಬೆಂಗಳೂರು, ಹೈದರಾಬಾದ್, ಪುಣೆಯ ಕೆಲಸದ ಜಾಗಗಳಲ್ಲಿ, ಊರಿನಲ್ಲಿ ಮುದುಕರು ಮತ್ತು ಮೊಮ್ಮಕ್ಕಳು. ಫೋನಿನಲ್ಲಿ ‘ಊಟ ಆತೇನು?’ ಎಂದರೆ ‘ಆತು’, ‘ಆರಾಮಿದ್ದೀರಿ?’ ಎಂದರೆ ‘ಆರಾಮ’. ಇಂಥ ಮಾತುಕತೆಯನ್ನು ಮಧ್ಯಮ ಹಂತದ ರೋಗಿಯೂ ಚೆನ್ನಾಗಿ ದಾಟಿಸುತ್ತಾನೆ. ದೂರದಲ್ಲಿರುವವರು ಹೌದು-ಅಲ್ಲ ಎನ್ನಲಾಗದ ಪ್ರಶ್ನೆ ಕೇಳಬೇಕು: ಮಧ್ಯಾಹ್ನ ಏನು ಪಲ್ಯ ಮಾಡಿದ್ದಿರಿ, ಈ ವಾರ ಸಂತೆಯಿಂದ ಏನು ತಂದಿರಿ, ಪಿಂಚಣಿ ಯಾವತ್ತು ಬಿಡಿಸಿದಿರಿ. ಬಂದ ಉತ್ತರವನ್ನು ಮನೆಯ ಮಕ್ಕಳ ಬಳಿ ತಾಳೆ ನೋಡಬೇಕು.

ಈಗ ಆ ಅರ್ಧ ಪುಟ. ಇದು ರೋಗ ತೀರ್ಮಾನಿಸುವ ಅಳತೆಗೋಲಲ್ಲ, ಯಾರನ್ನು ವೈದ್ಯರ ಬಳಿ ಕಳಿಸಬೇಕು ಎಂದು ತಿಳಿಯುವುದಕ್ಕಷ್ಟೇ. ಭಾಷೆ ಆಶಾ ಮತ್ತು ಮನೆಯವರು ಆಡುವ ಭಾಷೆಯೇ ಇರಲಿ:

ಕೇಳಿದ್ದನ್ನೇ ತಾಸಿನೊಳಗ ಮತ್ತ ಮತ್ತ ಕೇಳ್ತಾರೇನು?
ನಿನ್ನೆ ಮೊನ್ನೆ ಆದದ್ದು ಸುಳಿವು ಕೊಟ್ರೂ ನೆನಪಾಗಂಗಿಲ್ಲೇನು?
ರೊಕ್ಕದ ಲೆಕ್ಕ, ಚಿಲ್ಲರೆ ತಪ್ಪಾಕತ್ತೇತೇನು?
ಮೊದಲು ತಾವೇ ಮಾಡ್ತಿದ್ದ ಯಾವ ಕೆಲಸ ಈಗ ಬಿಟ್ಟಾರ, ಇಲ್ಲಾ ನೀವು ಕೈಗೆ ತಗೊಂಡೀರಿ?
ಪರ ಊರಾಗ, ಇಲ್ಲಾ ಗೊತ್ತಿದ್ದ ಜಾಗದಾಗ ದಾರಿ ಗೊಂದಲ ಆಗೇತೇನು?
ಸಾಮಾನು ಇಡಬಾರದ ಕಡೆ ಇಟ್ಟು ಯಾರೋ ಕದ್ದಾರ ಅಂತಾರೇನು?
ದಿನಾ ಬಳಸೋ ವಸ್ತುವಿನ ಹೆಸರು ಬಾಯಿಗೆ ಬರದೆ ‘ಅದು, ಅದು’ ಅಂತಾರೇನು?
ಭಜನಿ, ಸಂತಿ, ಕಟ್ಟಿ, ಬೀಗರ ಮನಿ ಹೋಗೋದು ಕಾರಣ ಇಲ್ಲದ ಬಿಟ್ಟಾರೇನು?

ಪ್ರತಿಯೊಂದಕ್ಕೂ ಮೂರು ಉತ್ತರ: ‘ಇತ್ತೀಚಿಗೆ ಬದಲಾಗೇತಿ’, ‘ಮೊದಲಿಂದ್ಲೂ ಹಂಗೇ’, ‘ಇಲ್ಲ’. ಎಣಿಸಬೇಕಾದ್ದು ಮೊದಲ ಉತ್ತರವನ್ನು ಮಾತ್ರ, ಎರಡು-ಮೂರು ವರ್ಷದ ಹಿಂದಿನ ಅದೇ ಮನುಷ್ಯನಿಗೆ ಹೋಲಿಸಿ. ಹುಟ್ಟಾ ಲೆಕ್ಕ ಬಾರದವರಿಗೆ ಈಗಲೂ ಬರುವುದಿಲ್ಲ ಎಂಬುದು ಲಕ್ಷಣವಲ್ಲ. ಎರಡು ಅಥವಾ ಹೆಚ್ಚು ‘ಬದಲಾಗೇತಿ’ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮನೆಯ ಒಬ್ಬರನ್ನು ಜೊತೆ ಮಾಡಿ ಕಳಿಸಬೇಕು. ಒಬ್ಬರೇ ಬಂದರೆ ಆ ಭೇಟಿ ದಂಡ.

ಹಾಳೆಯ ತಳದಲ್ಲಿ ಇನ್ನೊಂದು ಪ್ರಶ್ನೆ ಕಡ್ಡಾಯ: ನಿಧಾನಕ್ಕೆ ಬಂತೋ, ದಿಢೀರನೆ ಬಂತೋ? ಅಲ್ಝೈಮರ್ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲದಲ್ಲಿದ್ದರೆ, ಬೆಳಿಗ್ಗೆ ಒಂದು ಸಂಜೆ ಒಂದು ಥರ ಇದ್ದರೆ, ತೂಕಡಿಸುತ್ತಾ ಮಾತಿಗೆ ಗಮನ ಕೊಡಲಾಗದಿದ್ದರೆ ಅದು ಡೆಲಿರಿಯಂ. ಅದು ಅದೇ ದಿನ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು. ಏಪ್ರಿಲ್-ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ನೀರು ಕಡಿಮೆಯಾಗಿ, ಬಿಪಿಗೆ ಕೊಟ್ಟ ಮೂತ್ರದ ಗುಳಿಗೆಯಿಂದ ರಕ್ತದ ಸೋಡಿಯಂ ಇಳಿದು, ಮೂತ್ರದ ಸೋಂಕಾಗಿ, ಊಟ ಬಿಟ್ಟು ಶುಗರ್ ಗುಳಿಗೆ ಮಾತ್ರ ನುಂಗಿ ಸಕ್ಕರೆ ಕುಸಿದು ಹೀಗಾಗುತ್ತದೆ. ಇವರಿಗೆ ‘ಗಾಳಿ ಸೋಕಿದೆ’ ಎಂದು ಎರಡು ದಿನ ಕಳೆದರೆ ಜೀವಕ್ಕೇ ಅಪಾಯ. ದೇವರಿಗೆ ಹೋಗುವವರು ಹೋಗಲಿ, ದಾರಿಯಲ್ಲಿ ರಕ್ತದ ಸಕ್ಕರೆ ನೋಡಿಸಿಕೊಂಡು ಹೋಗಲಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮಾಡಬೇಕಾದ್ದು ಅಲ್ಝೈಮರ್ ಅಲ್ಲದ್ದನ್ನು ಮೊದಲು ಹುಡುಕುವ ಕೆಲಸ. ಮರೆವು ತರುವ, ಆದರೆ ಔಷಧಿಗೆ ಮಣಿಯುವ ಕಾರಣಗಳು ಕೆಲವಿವೆ. ಬಿ12 ಕೊರತೆ ಅವುಗಳಲ್ಲಿ ಮುಂದು. ಮಾಂಸ, ಹಾಲು ಎರಡೂ ಕಡಿಮೆ ತಿನ್ನುವವರಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸಿನ ಗುಳಿಗೆ ನುಂಗುವವರಲ್ಲಿ ಇದು ಸಾಮಾನ್ಯ. ಕೈಕಾಲು ಜೋಮು, ನಡಿಗೆಯಲ್ಲಿ ಜೋಲಿ ಇದ್ದರೆ ಸಂಶಯ ಗಟ್ಟಿ. ಚಿಕಿತ್ಸೆ 1000 ಮೈಕ್ರೊಗ್ರಾಂ ಸೂಜಿ: ಮೊದಲು ದಿನ ಬಿಟ್ಟು ದಿನ ಒಂದೆರಡು ವಾರ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ತಡವಾದರೆ ಪೂರ್ತಿ ವಾಪಸು ಬರುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮಂಕು ಕವಿಯುತ್ತದೆ, ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಒಂದು ನೋಡಿದರೆ ಸಾಕು. ಇವುಗಳ ಜೊತೆ ರಕ್ತಕಣಗಳ ಎಣಿಕೆ, ಸಕ್ಕರೆ, ಕ್ರಿಯಾಟಿನಿನ್, ಸೋಡಿಯಂ, ಕ್ಯಾಲ್ಸಿಯಂ, ಯಕೃತ್ತಿನ ಪರೀಕ್ಷೆ, ಅಗತ್ಯ ಕಂಡಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್. ಕೇಂದ್ರದಲ್ಲಿ ಆಗದ್ದಕ್ಕೆ ರಕ್ತದ ಮಾದರಿ ತೆಗೆದು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ಮಾಡಿ. ಮಾದರಿ ಪ್ರಯಾಣ ಮಾಡಲಿ, ಮುದುಕರು ಬೇಡ.

ಆರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ‘ಏನೂ ಆಗಲಿಲ್ಲ’ ಎಂದವರಲ್ಲಿ ತಲೆಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಸೇರಿ ಮರೆವು, ಮಂಪರು, ಒಂದು ಪಕ್ಕದ ಬಲಹೀನತೆ ಬರುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರಲ್ಲಿ, ಕುಡಿಯುವವರಲ್ಲಿ ಇನ್ನೂ ಹೆಚ್ಚು. ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುತ್ತದೆ. ಮರೆವಿನ ಜೊತೆ ಮೂತ್ರ ಹಿಡಿತ ತಪ್ಪುವುದು, ನೆಲಕ್ಕೆ ಕಾಲು ಅಂಟಿದಂಥ ನಡಿಗೆ, ಈ ಮೂರೂ ಸೇರಿದ್ದರೆ ಮಿದುಳಿನಲ್ಲಿ ನೀರು ತುಂಬಿದೆಯೇ ಎಂದು ಅದೇ ಸ್ಕ್ಯಾನ್‌ನಲ್ಲಿ ನೋಡಬೇಕು.

ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಒಂದು ಒರಟು ಗುರುತು ಹೇಳುವುದಾದರೆ, ‘ನನಗೆ ಏನೂ ನೆನಪಿರಂಗಿಲ್ಲ’ ಎಂದು ತಾವೇ ಗೋಳಾಡುವವರಲ್ಲಿ ಖಿನ್ನತೆ ಹುಡುಕಿ. ತಾನು ಚೆನ್ನಾಗಿದ್ದೇನೆ ಎನ್ನುವ ಅಪ್ಪನನ್ನು ಮಗಳು ಎಳೆದುಕೊಂಡು ಬಂದಿದ್ದರೆ ಅಲ್ಝೈಮರ್ ಹುಡುಕಿ. ಎರಡೂ ಒಟ್ಟಿಗೆ ಇರುವುದೂ ಉಂಟು.

ಗುಳಿಗೆಯ ಚೀಲವನ್ನು ತರಿಸಿ ನೋಡದೆ ಯಾರಿಗೂ ಡಿಮೆನ್ಷಿಯಾ ಎಂದು ಬರೆಯಬೇಡಿ. ನಿದ್ದೆಗೆಂದು ಅಂಗಡಿಯಿಂದ ತಂದ ಆಲ್‌ಪ್ರಜೊಲಾಂ, ನೆಗಡಿಯ ಕ್ಲೋರ್‌ಫೆನಿರಮಿನ್, ನರ ನೋವಿಗೆ ಅಮಿಟ್ರಿಪ್ಟಿಲಿನ್, ಮಾನಸಿಕ ಕಾಯಿಲೆಯ ಔಷಧಿಯ ಜೊತೆ ವರ್ಷಗಟ್ಟಲೆ ಮುಂದುವರಿದ ಟ್ರೈಹೆಕ್ಸಿಫೆನಿಡಿಲ್, ಇವೆಲ್ಲ ಮುದುಕರ ನೆನಪನ್ನು ಕೆಡಿಸುತ್ತವೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಇನ್ನೊಂದನ್ನು ಬಾಯಿಬಿಟ್ಟು ಕೇಳಲೇಬೇಕು: ಸಿಎಚ್ ಪೌಡರ್ ಬೆರೆಸಿದ ಸೇಂದಿ. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಮದ್ದು. ದಿನವೂ ಕುಡಿಯುವವರಿಗೆ ಮಂಕು, ಮರೆವು. ದಾಳಿಯಾಗಿ ಸೇಂದಿ ಸಿಗದೇ ಹೋದ ವಾರ ನಡುಕ, ಫಿಟ್ಸ್, ಹುಚ್ಚು ಮಾತು. ಹಠಾತ್ತಾಗಿ ಬಿಡಿಸಬಾರದು, ಆಸ್ಪತ್ರೆಯಲ್ಲಿ ಬಿಡಿಸಬೇಕು.

ಕಿವಿ, ಕಣ್ಣು ನೋಡದೆ ಪರೀಕ್ಷೆಗೆ ಕೂರಿಸುವುದು ಇನ್ನೊಂದು ತಪ್ಪು. ಕೇಳಿಸದವರು ಉತ್ತರ ಕೊಡಲಾರರು. ಡಿಮೆನ್ಷಿಯಾಕ್ಕೆ ದಾರಿ ಮಾಡುವ, ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿತು. ಕಿವುಡುತನ ಮತ್ತು ಚಿಕಿತ್ಸೆಯಿಲ್ಲದ ದೃಷ್ಟಿದೋಷ, ಬಿಪಿ, ಸಕ್ಕರೆ, ತಂಬಾಕು, ಒಂಟಿತನ, ಶಾಲೆ ಕಾಣದ ಬಾಲ್ಯ ಆ ಪಟ್ಟಿಯಲ್ಲಿವೆ. ಕೊನೆಯದನ್ನು ಈ ಜಿಲ್ಲೆಯ ಮಟ್ಟಿಗೆ ಒತ್ತಿ ಹೇಳಬೇಕು.

ಯಾಕೆಂದರೆ ಪರೀಕ್ಷೆಯ ಕಾಗದಗಳು ಶಾಲೆ ಕಂಡವರಿಗಾಗಿ ಆದವು. ನೆನಪು, ಬುದ್ಧಿ ಅಳೆಯಲು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವ 30 ಅಂಕದ ಎಂಎಂಎಸ್‌ಇ ಪರೀಕ್ಷೆ 100ರಿಂದ 7 ಕಳೆಯುತ್ತಾ ಹೋಗಿ, ವಾಕ್ಯ ಬರೆಯಿರಿ, ಓದಿ ಅದರಂತೆ ಮಾಡಿ, ಎರಡು ಪಂಚಕೋನ ಬಿಡಿಸಿ ಎನ್ನುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆಯೇ ಶೇ 60ಕ್ಕಿಂತ ತುಸು ಕಡಿಮೆ. ಇವತ್ತು ಎಪ್ಪತ್ತಾದ ಹೆಣ್ಣುಮಗಳು ಪೆನ್ಸಿಲ್ ಹಿಡಿದಿಲ್ಲ. ಅವಳಿಗೆ 16 ಅಂಕ ಬಂದರೆ ಅದು ರೋಗವಲ್ಲ, ಶಾಲೆಯಿಲ್ಲದ ಊರು. ನಿವೃತ್ತ ಮೇಷ್ಟ್ರೊಬ್ಬರು ಕಾಯಿಲೆ ಇದ್ದೂ 27 ತೆಗೆದು ಮನೆಗೆ ಹೋಗುತ್ತಾರೆ. ಅಕ್ಷರ ಬಾರದವರಿಗೆಂದು ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಎಚ್‌ಎಂಎಸ್‌ಇ ಎಂಬ ಪರೀಕ್ಷೆ ರೂಪಿಸಿದರು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಂಥದೇ ಪರೀಕ್ಷೆಗಳ ಸಂಪುಟ ಕನ್ನಡ, ತೆಲುಗು ಎರಡರಲ್ಲೂ ಇದೆ. ಇವನ್ನು ತರಿಸಿ. ತಾರೀಖು ಕೇಳುವ ಬದಲು ಅಮಾವಾಸ್ಯೆ ಆಗಿ ಎಷ್ಟು ದಿನವಾಯಿತು, ಊರ ಸಂತೆ ಯಾವ ವಾರ, ಮುಂದೆ ಬರುವ ಹಬ್ಬ ಯಾವುದು ಎಂದು ಕೇಳಲು ವೈದ್ಯಾಧಿಕಾರಿಗಳಿಗೆ ಹೇಳಿಕೊಡಿ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವವರನ್ನು ಕನ್ನಡದಲ್ಲಿ ಅಳೆಯಬೇಡಿ. ಕಾಯಿಲೆ ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಸಡಿಲಾಗುವುದುಂಟು. (ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು ಎಂದು 2013ರಲ್ಲಿ ಹೈದರಾಬಾದಿನ 648 ರೋಗಿಗಳ ಅಧ್ಯಯನ ಹೇಳಿತು. ನಮ್ಮ ಗಡಿನಾಡಿಗೆ ಸಿಕ್ಕ ಅಪರೂಪದ ಲಾಭ ಅದು.)

ಎಲ್ಲ ಡಿಮೆನ್ಷಿಯಾವೂ ಅಲ್ಝೈಮರ್ ಅಲ್ಲ. ಪಾರ್ಶ್ವವಾಯುವಿನ ನಂತರ ಮೆಟ್ಟಿಲು ಇಳಿದಂತೆ ಹಂತ ಹಂತವಾಗಿ ಕುಸಿಯುವುದು ರಕ್ತನಾಳದ್ದು. ಅರವತ್ತರೊಳಗೇ ಮರ್ಯಾದೆ, ನಾಚಿಕೆ ಬಿಟ್ಟಂತೆ ನಡತೆ ಬದಲಾದರೆ ಬೇರೆ ಬಗೆ. ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುವುದು, ಮೈ ಬಿಗಿತ, ಒಂದು ದಿನ ಚುರುಕು ಇನ್ನೊಂದು ದಿನ ಮಂಕು ಇದ್ದರೆ ಲ್ಯೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ. ಇಂಥವರಿಗೆ ಗಲಾಟೆ ತಣಿಸಲೆಂದು ಹಾಲೊಪೆರಿಡಾಲ್ ಸೂಜಿ ಕೊಟ್ಟರೆ ಮೈ ಮರಗಟ್ಟಿ ಜೀವಕ್ಕೇ ಕುತ್ತು. ರಾತ್ರಿ ಪಾಳಿಯ ಪ್ರತಿ ವೈದ್ಯರಿಗೂ ಇದು ಗೊತ್ತಿರಬೇಕು.

ಔಷಧಿಯ ಬಗ್ಗೆ ಸುಳ್ಳು ಭರವಸೆ ಬೇಡ. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಗುಳಿಗೆ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಕೆಲವು ಕಾಲ ಲಕ್ಷಣವನ್ನು ತಗ್ಗಿಸುತ್ತದೆ. ರಾತ್ರಿ 5 ಮಿ.ಗ್ರಾಂ, ಒಗ್ಗಿದರೆ ನಾಲ್ಕರಿಂದ ಆರು ವಾರದ ಮೇಲೆ 10. ಭೇದಿ, ವಾಕರಿಕೆ, ಕೆಟ್ಟ ಕನಸು ಬರಬಹುದು. ಕನಸಿನ ತೊಂದರೆ ಇದ್ದರೆ ಬೆಳಿಗ್ಗೆ ಕೊಡಬೇಕು. ನಾಡಿ ನಿಧಾನ ಮಾಡುವುದರಿಂದ ಶುರು ಮಾಡುವ ಮುನ್ನ ನಾಡಿ ಎಣಿಸಿ, ಇಸಿಜಿ ನೋಡಿ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಅವು ಆರಂಭದ ಹಂತಕ್ಕೆ ಮಾತ್ರ, ಮಿದುಳಿನ ಊತ ಮತ್ತು ರಕ್ತಸ್ರಾವಕ್ಕಾಗಿ ಮತ್ತೆ ಮತ್ತೆ ಎಂಆರ್‌ಐ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಮರೆವಿಗೆ ಮದ್ದು ಸಿಕ್ಕಿತು’ ಎಂಬ ಸುದ್ದಿ ಇಷ್ಟೇ.

ವಾಸಿಯಾಗದಿದ್ದ ಮೇಲೆ ಮೊದಲೇ ಗುರುತಿಸಿ ಏನು ಲಾಭ ಎಂದು ಕೇಳುವವರಿದ್ದಾರೆ. ಬಿ12, ಥೈರಾಯ್ಡ್, ತಲೆಯೊಳಗಿನ ರಕ್ತ ಸಿಕ್ಕಿಬೀಳುವುದು ಮೊದಲ ಲಾಭ. ಎರಡನೆಯದು, ಮನುಷ್ಯನಿಗೆ ತನ್ನ ಇಚ್ಛೆ ಹೇಳುವ ಶಕ್ತಿ ಇನ್ನೂ ಇದೆ. ಪಿಂಚಣಿ ಮತ್ತು ಬ್ಯಾಂಕ್ ಖಾತೆಗೆ ನಾಮಿನಿ, ಬೇಕಿದ್ದರೆ ಜಂಟಿ ಖಾತೆ, ಹೊಲ-ಮನೆಯ ಉಯಿಲು ಆಗಬೇಕಾದ್ದು ಈ ಹೊತ್ತಿನಲ್ಲಿ. ಎರಡು ವರ್ಷ ಕಳೆದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು ಕೋರ್ಟಿಗೆ ದಾರಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಗೆ, ಅಂದರೆ ನಮ್ಮಲ್ಲಿ ರಾಯಚೂರು ಅಥವಾ ಲಿಂಗಸುಗೂರಿನಲ್ಲಿ. ಷರತ್ತನ್ನು ಪತ್ರದಲ್ಲೇ ಬರೆಸಿ, ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟ.

ಮೂರನೆಯದು ಸುರಕ್ಷತೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ತೆಗೆದಿಡುವುದು, ಮೋಟಾರ್ ಕೋಣೆಗೆ ಬೀಗ, ಕೀಟನಾಶಕದ ಡಬ್ಬಿ ಮನೆಯಿಂದಾಚೆ, ಅಂಗಿಯ ಒಳಗೆ ಹೊಲಿದ ಬಟ್ಟೆಯ ಚೂರಿನಲ್ಲಿ ಹೆಸರು ಮತ್ತು ಮಗನ ಫೋನ್ ನಂಬರ್. ಜೇಬಿನ ಚೀಟಿ ಉಳಿಯುವುದಿಲ್ಲ. ರಾಯಚೂರು ಮುಂಬೈ-ಚೆನ್ನೈ ಮಾರ್ಗದ ನಿಲ್ದಾಣ. ತಪ್ಪಿ ರೈಲು ಹತ್ತಿದವರು ಬೆಳಗಾಗುವುದರೊಳಗೆ ಬೇರೆ ರಾಜ್ಯದಲ್ಲಿರುತ್ತಾರೆ. ಕಾಣೆಯಾದ ಮೊದಲ ತಾಸಿನಲ್ಲೇ 112ಕ್ಕೆ ತಿಳಿಸಬೇಕು. 24 ತಾಸು ಕಾಯಬೇಕೆಂಬ ಕಾನೂನು ಎಲ್ಲೂ ಇಲ್ಲ.

ಇದಕ್ಕೆಲ್ಲ ಏಮ್ಸ್ ಬರಬೇಕಿಲ್ಲ. ಏಮ್ಸ್ ಬರಲಿ, ಅದಕ್ಕಾಗಿ ಈ ಊರು ನಡೆಸುತ್ತಿರುವ ಹೋರಾಟ ನ್ಯಾಯವಾದದ್ದೇ. ಆದರೆ ಪಕ್ಕದ ಬಳ್ಳಾರಿಯನ್ನು ನೆನಪಿಸಿಕೊಳ್ಳಿ. 1985ರಿಂದ 1990ರ ತನಕ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಬಳ್ಳಾರಿ ಮಾದರಿಯ ಮೇಲೇ ನಿಂತಿತು. ಆ ಕೆಲಸ ದೊಡ್ಡ ಯಂತ್ರಗಳಿಂದ ಆದದ್ದಲ್ಲ. ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ರಾಜ್ಯದಲ್ಲಿದೆ. ತಿಂಗಳಿಗೆ ಒಂದು ಮಂಗಳವಾರವನ್ನು ಹಿರಿಯರ ಮರೆವಿಗೆಂದು ಗೊತ್ತುಮಾಡಿ, ಅವತ್ತಿಗೆ ರಕ್ತದ ವರದಿಗಳು ಕೈಯಲ್ಲಿರುವಂತೆ ನೋಡಿಕೊಳ್ಳಿ, ಸ್ಕ್ಯಾನ್ ಬೇಕಾದವರನ್ನು ಮಾತ್ರ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಕಳಿಸಿ. ಮನೆಯವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿ 14567 ಎರಡನ್ನೂ ಅದೇ ಹಾಳೆಯ ಹಿಂದೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ.

ಜಿಲ್ಲೆಗೆಲ್ಲ ಒಮ್ಮೆಲೇ ಬೇಡ. ದೇವದುರ್ಗ ತಾಲ್ಲೂಕಿನಿಂದ ಶುರುಮಾಡಿ. ಓದು ಬಾರದ ಹಿರಿಯರು, ಗುಳೆ ಹೋದ ಮನೆಗಳು ಎರಡೂ ಅಲ್ಲಿ ಹೆಚ್ಚು, ಹಾಳೆ ಅಲ್ಲಿ ಕೆಲಸ ಮಾಡಿದರೆ ಉಳಿದ ಕಡೆ ಮಾಡುತ್ತದೆ. ಆರು ತಿಂಗಳಾದ ಮೇಲೆ ಎಷ್ಟು ಮನೆಯಲ್ಲಿ ಕೇಳಿದಿರಿ, ಎಷ್ಟು ಮಂದಿಯನ್ನು ಕಳಿಸಿದಿರಿ, ಅವರಲ್ಲಿ ಎಷ್ಟು ಮಂದಿ ನಿಜಕ್ಕೂ ಬಂದರು, ಎಷ್ಟು ಮಂದಿಗೆ ಬಿ12, ಥೈರಾಯ್ಡ್ ಸಿಕ್ಕಿತು, ಎಷ್ಟು ಮಂದಿಗೆ ಅಲ್ಝೈಮರ್ ಎಂದಾಯಿತು ಎಂಬ ಐದು ಅಂಕಿಗಳನ್ನು ತಾಲ್ಲೂಕು ಆಸ್ಪತ್ರೆಯ ಫಲಕದ ಮೇಲೆ ಬರೆಸಿ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹತ್ತಾರು ಫಾರಂಗಳ ಹೊರೆ ಇದೆ. ಈ ಹಾಳೆಗೆ ಪ್ರತ್ಯೇಕ ಪ್ರೋತ್ಸಾಹಧನ ಇಡದೆ ಅವರ ಮೇಲೆ ಹೇರಬೇಡಿ. ಹೇರಿದರೆ ಎಲ್ಲ ಮನೆಯಲ್ಲೂ ‘ಇಲ್ಲ’ ಎಂದೇ ಗುರುತು ಬೀಳುತ್ತದೆ.

ಇಂತಿ,
ರಾಯಚೂರು ಜಿಲ್ಲೆಯಲ್ಲಿ ಹಿರಿಯರ ಆರೈಕೆಯಲ್ಲಿ ತೊಡಗಿರುವ ವೈದ್ಯರು ಮತ್ತು ಶುಶ್ರೂಷಕರು